75ರ ಹಬ್ಬಕ್ಕೆ ಯಾತ್ರೆ ಎಲ್ಲಿಂದ ಎಲ್ಲಿಗೆ?

(ಹುಬ್ಬಳ್ಳಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಮನೆಮಾತು ತಮಿಳು. ಅವರ ಕಥೋಲಿಕ ಚರ್ಚಿಗೆ ಈ ವರ್ಷ 75 ತುಂಬುತ್ತಿದೆ. ಬಸ್ಸು ಮಾಡಿಕೊಂಡು ತಮಿಳುನಾಡಿನ ವೇಲಂಕಣಿ ಮಾತೆಯ ಚರ್ಚಿಗೆ ಯಾತ್ರೆ, ರಕ್ತದಾನ ಶಿಬಿರ, ಸ್ಮರಣ ಸಂಚಿಕೆ, ಕೊನೆಗೆ ದೊಡ್ಡ ಊಟ ಎಂದು ಸಮಿತಿ ಪಟ್ಟಿ ಮಾಡಿದೆ. ಅವರ ಪ್ರಶ್ನೆಗಳು ಇವು: “ನಮ್ಮ ಚರ್ಚಿನ ಹಬ್ಬಕ್ಕೆ ಇನ್ನೊಂದು ಊರಿನ ಚರ್ಚಿಗೆ ಯಾತ್ರೆ ಯಾಕೆ? ಓಣಿಯವರನ್ನು ಕರೆಯೋಣ ಅಂದರೆ ಕೆಲವರು ಹಿಂಜರಿಯುತ್ತಾರೆ, ಕರೆಯಬೇಕೋ ಬೇಡವೋ? ಪೂಜೆ ಯಾವ ಭಾಷೆಯಲ್ಲಿ ಅನ್ನುವ ಜಗಳ ಮುಗಿಯುವುದು ಹೇಗೆ?”)

ಹಿರಿಯರೇ, ನಮಸ್ಕಾರ.

ಯಾತ್ರೆ ಬೇಕು. ಅದನ್ನು ಕೈಬಿಡಬೇಡಿ ಎಂದು ಸಮಿತಿಗೆ ನನ್ನ ಪರವಾಗಿಯೂ ಹೇಳಿ. ಆದರೆ ಅದರ ದಿಕ್ಕು ತಿರುಗಿಸಿ. ಈ ಸಲ ನೀವು ಇನ್ನೊಂದು ಊರಿಗೆ ಹೋಗುವುದು ಬೇಡ. ನಿಮ್ಮ ಧರ್ಮಕೇಂದ್ರದ, ಅಂದರೆ ಚರ್ಚಿಗೆ ಸೇರಿದ ಮನೆಗಳ ಮಂದಿ ನಾಲ್ಕೂ ಕಡೆಯಿಂದ ನಿಮ್ಮ ಚರ್ಚಿಗೇ ನಡೆದು ಬರಲಿ.

ನಡೆದು ಹೋಗುವ ಭಕ್ತಿಯನ್ನು ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಯುಗಾದಿ ಹತ್ತಿರ ಬಂದರೆ ಶ್ರೀಶೈಲಕ್ಕೆ ಹೊರಟ ಗುಂಪುಗಳು ರಸ್ತೆಯಲ್ಲಿ ಸಿಗುತ್ತವೆ. ಉಳವಿಗೆ ಚಕ್ಕಡಿ ಹೋಗುತ್ತವೆ, ಸವದತ್ತಿ ಗುಡ್ಡಕ್ಕೆ ಹೋಗುವವರಿಗೆ ಲೆಕ್ಕವಿಲ್ಲ. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಬೆಳಗಾವಿ ಕಡೆಯ ಕ್ರೈಸ್ತರು ಘಟ್ಟ ಇಳಿದು ಹಳೇ ಗೋವಾಕ್ಕೆ ನಡೆದು ಹೋಗುತ್ತಾರೆ. ದಾರಿಯಲ್ಲಿ ನೀರು ಕೊಡುವವರು ಯಾವ ದೇವರಿಗೆ ಹೊರಟಿದ್ದೀರಿ ಎಂದು ಮೊದಲು ಕೇಳುವುದಿಲ್ಲ. ಇಂಥ ನಾಡಿನಲ್ಲಿ ನಮ್ಮ ಚರ್ಚಿನ ಯಾತ್ರೆ ಬಸ್ಸಿನ ಕಿಟಕಿಯಲ್ಲೇ ಮುಗಿದುಹೋದರೆ ನನಗೆ ಬೇಜಾರು.

ವೇಲಂಕಣಿ ಮಾತೆಯ ಮೇಲೆ ನನಗೆ ಕಡಿಮೆ ಭಕ್ತಿ ಅಂತ ತಿಳಿಯಬೇಡಿ. ಆಗಸ್ಟ್ 29ಕ್ಕೆ ಅಲ್ಲಿ ಧ್ವಜ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ಹಬ್ಬ. ವಾಸ್ಕೊದಿಂದ ಅಲ್ಲಿಗೆ ಹೋಗುವ ರೈಲು ಹುಬ್ಬಳ್ಳಿ ಮೇಲೆಯೇ ಹಾಯುತ್ತದೆ, ರೈಲ್ವೆಯವರಾದ ನಿಮಗೆ ನಾನು ಹೇಳಬೇಕೇ? ಹೋಗಬೇಕು ಅನ್ನುವವರು ಹೋಗಿ ಬರಲಿ. ಆದರೆ ಆ ಬಸ್ಸಿನಲ್ಲಿ ಯಾರು ಕೂರುತ್ತಾರೆ ನೋಡಿ. ದುಡ್ಡು ಇದ್ದವರು, ರಜೆ ಸಿಕ್ಕವರು, ಮೊಣಕಾಲು ಗಟ್ಟಿ ಇದ್ದವರು. ದಿನಗೂಲಿಯವರು ಉಳಿಯುತ್ತಾರೆ. ಹಾಸಿಗೆ ಹಿಡಿದ ಅಜ್ಜಿ ಉಳಿಯುತ್ತಾಳೆ. 75 ವರ್ಷ ಚರ್ಚನ್ನು ಹೊತ್ತವರಲ್ಲಿ ಅರ್ಧ ಮಂದಿ ಮನೆಯಲ್ಲೇ ಉಳಿದರೆ ಅದು ಇಡೀ ಧರ್ಮಕೇಂದ್ರದ ಯಾತ್ರೆ ಹೇಗಾದೀತು?

ನನ್ನ ಸಲಹೆ ಹೀಗಿದೆ. ಚರ್ಚಿನಿಂದ ಅತಿ ದೂರ ಇರುವ ಕುಟುಂಬ ಯಾವುದು, ಪತ್ತೆ ಮಾಡಿ. ಗದಗ ರಸ್ತೆಯ ಕಡೆಯೋ, ನವನಗರದ ಕಡೆಯೋ, ಪಕ್ಕದ ಹಳ್ಳಿಯೋ. ನಸುಕಿನಲ್ಲಿ ಆ ಮನೆಯಿಂದಲೇ ಶಿಲುಬೆ ಹೊರಡಲಿ. ಉಳಿದ ದಿಕ್ಕುಗಳಿಂದ ಸಣ್ಣ ಗುಂಪುಗಳು ಬಂದು ಸೇರಲಿ. ಜಪಸರದ ಒಂದೊಂದು ಭಾಗ ಒಂದೊಂದು ಓಣಿಯಲ್ಲಿ ಆಗಲಿ. ಎದ್ದು ಬರಲಾಗದ ರೋಗಿಗಳ ಮನೆ ಮುಂದೆ ಯಾತ್ರೆ ನಿಲ್ಲಲಿ, ಫಾದರ್ ಒಳಗೆ ಹೋಗಿ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಕೊಟ್ಟು ಬರಲಿ. ಆಮೇಲೆ ಸಮಾಧಿ ಸ್ಥಳಕ್ಕೆ ಹೋಗಿ. ಚರ್ಚು ಕಟ್ಟಿದವರಲ್ಲಿ ಹೆಚ್ಚಿನವರು ಈಗ ಅಲ್ಲೇ ಇದ್ದಾರೆ. ಅವರ ಹೆಸರುಗಳನ್ನು ಗಟ್ಟಿಯಾಗಿ ಓದಿ, ಒಂದೊಂದು ಮೇಣದಬತ್ತಿ ಹಚ್ಚಿ, ಅಲ್ಲಿಂದ ಚರ್ಚಿನ ಬಾಗಿಲಿಗೆ ಬನ್ನಿ. ಕಾಲು ಬಾರದವರಿಗೆ ಎರಡು ಆಟೊ ಹಿಂದೆ ಇರಲಿ. ನವೆಂಬರಿನಿಂದ ಫೆಬ್ರವರಿ ಒಳಗೆ ಇಟ್ಟುಕೊಳ್ಳಿ, ಮಾರ್ಚ್ ದಾಟಿದರೆ ಹುಬ್ಬಳ್ಳಿಯ ಬಿಸಿಲು ವಯಸ್ಸಾದವರಿಗೆ ತಡೆಯದು.

ಯಾವ ದಿನ ಎಂಬ ಪ್ರಶ್ನೆಗೆ ನಮ್ಮ ಧರ್ಮಸಭೆಯಲ್ಲೇ ಉತ್ತರ ಇದೆ. ಪಾಲಕ ಸಂತರ ಹಬ್ಬ ಬೇರೆ, ದೇವಾಲಯ ಪ್ರತಿಷ್ಠಾಪನೆಯ ದಿನ ಬೇರೆ. ಸಂತರ ಹಬ್ಬಕ್ಕೆ ಒಂಬತ್ತು ದಿನದ ನೊವೇನಾ ಪ್ರಾರ್ಥನೆ, ತೇರು ಎಲ್ಲ ಮಾಡುತ್ತೇವೆ. ಪ್ರತಿಷ್ಠಾಪನೆಯ ದಿನವನ್ನು ಮಾತ್ರ ಸುಮ್ನೆ ಮರೆಯುತ್ತೇವೆ. ಪ್ರತಿಷ್ಠಾಪನೆ ಆಗಿರುವ ಚರ್ಚಿನಲ್ಲಿ ಅದು ಮಹೋತ್ಸವದ ದಿನ. ಪ್ರತಿಷ್ಠಾಪನೆ ಮಾಡುವಾಗ ಬಿಷಪ್ ಬಲಿಪೀಠಕ್ಕೆ ಪವಿತ್ರ ತೈಲ ಹಚ್ಚುತ್ತಾರೆ, ಗೋಡೆಗಳಿಗೂ 12 ಕಡೆ ಅಥವಾ 4 ಕಡೆ ಹಚ್ಚುತ್ತಾರೆ. ಆ ಜಾಗಗಳಲ್ಲಿ ಶಿಲುಬೆ ಗುರುತು ಇರುತ್ತದೆ, ವರ್ಷಕ್ಕೊಮ್ಮೆ ಅದೇ ದಿನ ಅಲ್ಲಿ ದೀಪ ಹಚ್ಚುವ ಪದ್ಧತಿ ಇದೆ. ನಿಮ್ಮ ಗೋಡೆಗಳಲ್ಲಿ ಅಂಥ ಗುರುತು ಇದೆಯಾ ನೋಡಿ. ಇದ್ದರೆ ಆ ದೀಪಗಳನ್ನು ಹಚ್ಚುವ ಕೆಲಸ ಮುಖ್ಯ ಅತಿಥಿಗಳಿಗೆ ಕೊಡಬೇಡಿ. ಆ ಚರ್ಚಿನಲ್ಲಿ ಜ್ಞಾನಸ್ನಾನ ಪಡೆದವರಲ್ಲಿ ಅತಿ ಹಿರಿಯರಿಗೂ ಅತಿ ಕಿರಿಯ ಮಗುವಿನ ತಾಯಿಗೂ ಕೊಡಿ.

ಸ್ಮರಣ ಸಂಚಿಕೆಯ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅದರ ಬಗ್ಗೆ ಜಾಸ್ತಿ ಹೇಳುವುದಿದೆ. 75 ವರ್ಷ ಅಂದರೆ 1951ರ ಸುಮಾರು. ಆಗ ಹುಬ್ಬಳ್ಳಿ ಮುಂಬೈ ರಾಜ್ಯದಲ್ಲಿತ್ತು. ನಿಮ್ಮ ಬೆಳಗಾವಿ ಧರ್ಮಪ್ರಾಂತ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಇನ್ನೂ ಹುಟ್ಟಿರಲಿಲ್ಲ. ಗೋವಾ ಮತ್ತು ಪುಣೆಯ ಕೈಕೆಳಗಿದ್ದ ಭಾಗಗಳನ್ನು ತೆಗೆದು ಅದನ್ನು ಮಾಡಿದ್ದು 1953ರಲ್ಲಿ. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು, ಗುರುಗಳು ಜನರಿಗೆ ಬೆನ್ನು ಮಾಡಿ ಬಲಿಪೀಠದ ಕಡೆ ನಿಲ್ಲುತ್ತಿದ್ದರು. ಅಂದರೆ ನಿಮ್ಮ ಚರ್ಚು ನಿಮ್ಮ ಧರ್ಮಪ್ರಾಂತಕ್ಕಿಂತ ಹಿರಿದು, ಈ ರಾಜ್ಯಕ್ಕಿಂತ ಹಿರಿದು. ಇಷ್ಟು ವಿಷಯ ಕೈಯಲ್ಲಿದ್ದೂ ಸಂಚಿಕೆಯ ಮೊದಲ 20 ಪುಟ ಶುಭಾಶಯದ ಫೋಟೊಗಳಿಗೆ ಹೋದರೆ ಹೇಗೆ? ಆ ಪುಟಗಳನ್ನು ಹಿಂದಕ್ಕೆ ಹಾಕಿ.

ಮುಂದಿನ ಪುಟಗಳಲ್ಲಿ ರೈಲಿನ ಕಥೆ ಬರಲಿ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಮುಂದೆ ಕರ್ನಾಟಕ ಕಾಲೇಜು ನಡೆದದ್ದು ಆ ಕಟ್ಟಡದಲ್ಲೇ. ವರ್ಕ್‌ಶಾಪು ಬಂದದ್ದು ಹುಬ್ಬಳ್ಳಿಗೆ. ಗೋವಾದವರು, ತಮಿಳರು, ಆಂಗ್ಲೋ ಇಂಡಿಯನ್ನರು ಅದರ ಹಿಂದೆಯೇ ಬಂದರು. ಫಿಟ್ಟರ್, ಫೈರ್‌ಮನ್, ಗಾರ್ಡ್, ಡ್ರೈವರ್. ಊರು ಬಿಟ್ಟು ಬಂದವರಿಗೆ ಭಾನುವಾರ ಒಂದು ಕಡೆ ಸೇರಲು ಜಾಗ ಬೇಕಿತ್ತು. ನಿಮ್ಮ ಚರ್ಚಿನ ಬೇರು ಆ ಸಂಬಳದ ದಿನಗಳಲ್ಲಿದೆ. ಈ ಕಥೆ ಬಲ್ಲವರು ಈಗ ಎಂಬತ್ತರ ಆಚೆ ಇದ್ದಾರೆ. ಹುಡುಗರ ಕೈಗೆ ಮೊಬೈಲ್ ಕೊಟ್ಟು ಈ ತಿಂಗಳೇ ಅವರ ಮಾತು ರೆಕಾರ್ಡ್ ಮಾಡಿಸಿ. ಹಬ್ಬದ ನಂತರ ನೋಡೋಣ ಅನ್ನಬೇಡಿ.

ಇನ್ನೊಂದು ಎಚ್ಚರಿಕೆ. ಸಂಚಿಕೆಯಲ್ಲಿ ಕಿಟೆಲ್ ಅವರ ಚಿತ್ರ ಹಾಕಿ ‘ನಮ್ಮ ಮಿಷನರಿಗಳು’ ಎಂದು ಬರೆಯಬೇಡಿ. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗಿನ ಬೆಟಗೇರಿಗೆ 1841ರಲ್ಲಿ ಬಂದ ಬಾಸೆಲ್ ಮಿಷನ್ ಪ್ರೊಟೆಸ್ಟೆಂಟರದು. 1894ರ ಕಿಟೆಲ್ ನಿಘಂಟು ಅವರ ಕೊಡುಗೆ. ಕನ್ನಡಿಗರೆಲ್ಲ ಅದಕ್ಕೆ ಋಣಿಗಳು, ಆದರೆ ಅವರ ಕೆಲಸವನ್ನು ನಮ್ಮದೆಂದು ಹೇಳಿಕೊಳ್ಳುವುದು ತಪ್ಪು. ಹಬ್ಬಕ್ಕೆ ಆ ಸಭೆಯವರನ್ನೂ ಕರೆಯಿರಿ, ಅದು ಚೆಂದ.

ಜ್ಞಾನಸ್ನಾನದ ಪುಸ್ತಕ ಫಾದರ್ ಹತ್ತಿರ ಇರುತ್ತದೆ. ಮಗುವಿನ ಹೆಸರು, ತಂದೆ ತಾಯಿ, ಜ್ಞಾನ ತಂದೆ ತಾಯಿ, ಸಂಸ್ಕಾರ ಕೊಟ್ಟ ಗುರುಗಳು ಎಲ್ಲ ಅದರಲ್ಲಿ ಸಿಗುತ್ತದೆ. ಮುಂದೆ ಮದುವೆ ಆದರೆ ಅದೂ ಪಕ್ಕದಲ್ಲಿ ಬರುತ್ತದೆ. ಮೊದಲ ವರ್ಷದ ಹೆಸರುಗಳನ್ನು ಫಾದರ್ ಅವರ ಒಪ್ಪಿಗೆಯಿಂದ ತೆಗೆದುಕೊಂಡು ಆ ಕುಟುಂಬಗಳನ್ನು ಹುಡುಕಿ. ಪುಟದ ಫೋಟೊ ಮಾತ್ರ ಅಚ್ಚು ಹಾಕಬೇಡಿ. ಮನೆಯೊಳಗೇ ಇರಬೇಕಾದ ಸಂಗತಿಗಳೂ ಅಲ್ಲಿ ಬರೆದಿರುತ್ತವೆ.

ರಕ್ತದಾನ ಒಳ್ಳೆಯದು, ಆದರೆ ಪಾದಯಾತ್ರೆಯ ದಿನವೇ ಇಡಬೇಡಿ. ನಸುಕಿನಿಂದ ನಡೆದು ದಣಿದವರಿಂದ ರಕ್ತ ತೆಗೆಯಬಾರದು. ಬೇರೆ ಭಾನುವಾರ ಮಾಡಿ. 18 ತುಂಬಿರಬೇಕು, ತೂಕ 45 ಕಿಲೊಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಆದರೂ ಬೇಕು, ಹೊಟ್ಟೆಗೆ ತಿಂಡಿ ಬಿದ್ದಿರಬೇಕು.

ಪಟ್ಟಿಗೆ ಇನ್ನೊಂದನ್ನು ಸೇರಿಸಿ. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಜೂಬಿಲಿ ವರ್ಷದ ಮಾತು ಬರುತ್ತದೆ. 50ನೇ ವರ್ಷ ಜೀತದವರು ಬಿಡುಗಡೆಯಾಗಬೇಕು, ಮಾರಿಹೋದ ಹೊಲ ಮೊದಲಿನ ಕುಟುಂಬಕ್ಕೆ ಮರಳಬೇಕು. ಪೋಪ್ ಫ್ರಾನ್ಸಿಸ್ 2024ರ ಡಿಸೆಂಬರ್ 24ರಂದು ವ್ಯಾಟಿಕನ್‌ನಲ್ಲಿ ಜೂಬಿಲಿ ವರ್ಷಕ್ಕೆಂದೇ ತೆರೆಯುವ ಪವಿತ್ರ ಬಾಗಿಲು ತೆರೆದರು. ಎರಡು ದಿನ ಬಿಟ್ಟು ರೋಮ್‌ನ ರೆಬಿಬ್ಬಿಯಾ ಜೈಲಿಗೆ ಹೋಗಿ ಅಲ್ಲಿಯೂ ಒಂದು ಬಾಗಿಲು ತೆರೆದರು. ಧಾರವಾಡದಲ್ಲಿ ಸೆಂಟ್ರಲ್ ಜೈಲು ಇದೆ. ಅಧಿಕಾರಿಗಳ ಅನುಮತಿ ಪಡೆದು ಫಾದರ್, ಸಿಸ್ಟರ್ ಜೊತೆ ನಾಲ್ಕು ಮಂದಿ ಹೋಗಿ ಬನ್ನಿ. ಶಾಮಿಯಾನಕ್ಕೆ ಇಟ್ಟ ದುಡ್ಡಿನಲ್ಲಿ ಒಂದು ಪಾಲು ತೆಗೆದು, ಸಾಲದಲ್ಲಿ ಸಿಕ್ಕಿರುವ ಒಂದೆರಡು ಕುಟುಂಬಗಳ ಬಾಕಿ ಸದ್ದಿಲ್ಲದೆ ತೀರಿಸಿ. ಯಾರ ಬಾಕಿ ಎಂದು ಫಾದರ್‌ಗೆ ಮಾತ್ರ ಗೊತ್ತಿದ್ದರೆ ಸಾಕು.

ಓಣಿಯವರ ವಿಷಯ. ಕರೆಯಲೇಬೇಕು. ಮತಾಂತರ ಅಂತ ಯಾರಾದರೂ ಗಲಾಟೆ ಮಾಡಿದರೆ ಎಂಬ ಭಯ ನಿಮ್ಮ ಸಮಿತಿಯಲ್ಲಿ ಕೆಲವರಿಗೆ ಇದೆ, ಅಲ್ವಾ? ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ಬಾಗಿಲು ಹಾಕಿಕೊಂಡರೆ ಅನುಮಾನ ಬೆಳೆಯುತ್ತದೆ. ಬಾಗಿಲು ತೆರೆದಿಡಿ, ಊಟದ ಜೊತೆ ಕರಪತ್ರ ಹಂಚಬೇಡಿ, ರಕ್ತದಾನದ ಶಿಬಿರದಲ್ಲಿ ಪ್ರವಚನ ಬೇಡ. ಬಂದವರು ಅತಿಥಿಗಳು, ಅಷ್ಟೇ. ಗೋವಿಂದ ಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯನಾಗಿ ಮಾಡಿಕೊಂಡ ನಾಡು ಇದು. ನಮ್ಮ ಮಂದಿಯ ಮೇಲೆ ನನಗೆ ನಂಬಿಕೆ ಇದೆ.

ವಾಟ್ಸಾಪ್ ಕರೆ ಸಾಲದು. ಮನೆಮನೆಗೆ ನೀವೇ ಹೋಗಿ. ಪರಮಪ್ರಸಾದದ ಹೊತ್ತಿಗೆ ಬೇರೆ ಧರ್ಮದವರು ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಅದಕ್ಕೆ ಪೂಜೆ ಶುರುವಾಗುವ ಮುಂಚೆಯೇ ಯಾರಾದರೂ ಮೆತ್ತಗೆ ತಿಳಿಸಲಿ: ಇದು ಕಥೋಲಿಕರು ಸ್ವೀಕರಿಸುವ ಪ್ರಸಾದ, ಬೇಕಾದವರು ಕೈಕಟ್ಟಿ ಬಂದು ಆಶೀರ್ವಾದ ಪಡೆಯಬಹುದು, ಕುಳಿತರೂ ಪರವಾಗಿಲ್ಲ. ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ, ಅನ್ನ ಸಾರು ಮಾಡಿಸಿ. ಒಂದೇ ಪಂಕ್ತಿಯಲ್ಲಿ ಎಲ್ಲರೂ ಕೂರಬಹುದು. ಮಟನ್ ಇನ್ನೊಂದು ದಿನ ಆಗಲಿ. ಮೈಕು ರಾತ್ರಿ 10ಕ್ಕೆ ಬಂದ್ ಮಾಡಿ. ಕಾನೂನೂ ಅದೇ ಹೇಳುತ್ತದೆ, ಪಕ್ಕದ ಮನೆಯಲ್ಲಿ ಓದುವ ಮಕ್ಕಳೂ ಇರುತ್ತಾರೆ.

ಕೊನೆಗೆ ಭಾಷೆ. ಕೊಂಕಣಿಯವರು, ನಿಮ್ಮ ತಮಿಳರು, ಇಂಗ್ಲಿಷ್ ಬೇಕು ಅನ್ನುವ ಹುಡುಗರು, ಎಲ್ಲರ ಪ್ರೀತಿಯೂ ನಿಜವೇ. ಜನರ ಮಾತಿಗೆ ಪೂಜೆಯಲ್ಲಿ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆ, 1963ರಲ್ಲಿ. ಜನರು ಪೂಜೆಯಲ್ಲಿ ಪೂರ್ತಿ ಪಾಲ್ಗೊಳ್ಳಬೇಕು ಎಂಬುದೇ ಅದರ ಆಸೆ. ಆ ಅಳತೆಯಲ್ಲಿ ನೋಡಿದರೆ ಮುಖ್ಯ ಪೂಜೆ ಕನ್ನಡದಲ್ಲೇ ಆಗಬೇಕು. ಹಳ್ಳಿಯಿಂದ ನಡೆದು ಬಂದವರಿಗೆ ತಿಳಿಯುವುದು ಅದೇ, ಓಣಿಯವರಿಗೂ ಅದೇ, ನಿಮ್ಮ ಮೊಮ್ಮಕ್ಕಳು ಬೀದಿಯಲ್ಲಿ ಆಡುವ ಮಾತೂ ಅದೇ. ಕಾಣಿಕೆಯ ಹೊತ್ತಿನ ಹಾಡು ಕೊಂಕಣಿಯಲ್ಲಿ ಇರಲಿ, ಒಂದು ವಾಚನ ಇಂಗ್ಲಿಷಿನಲ್ಲಿ ಆಗಲಿ. ವಿಶ್ವಾಸಿಗಳ ಪ್ರಾರ್ಥನೆಯನ್ನು ಒಬ್ಬೊಬ್ಬರು ತಮ್ಮ ತಮ್ಮ ಮನೆಮಾತಿನಲ್ಲಿ ಹೇಳಲಿ. ವರ್ಕ್‌ಶಾಪಿನಲ್ಲಿ ದುಡಿದು ತೀರಿಹೋದವರಿಗಾಗಿ ತಮಿಳಿನಲ್ಲಿ ಹೇಳುವ ಪ್ರಾರ್ಥನೆಯನ್ನು ನೀವೇ ಬರೆಯಿರಿ, ನೀವೇ ಓದಿ. ಮುಂದಿನ ಮೀಟಿಂಗಿಗೆ ಅದನ್ನು ಬರೆದುಕೊಂಡೇ ಹೋಗಿ.