ಭಾರ ಗೊತ್ತಾಗುವುದು ನಿಂತಾಗ

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಪ್ರಶ್ನೆ: ನನಗೆ 61 ವರ್ಷ, ಬ್ಯಾಂಕ್ ನೌಕರಿಯಿಂದ ನಿವೃತ್ತ. ಎಂಟು ವರ್ಷಗಳಿಂದ ಹಾರ್ಲೆ ಡೇವಿಡ್ಸನ್ ರೋಡ್ ಕಿಂಗ್ ಬೈಕ್ ಇಟ್ಟುಕೊಂಡಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಹಾಸನದ ಹತ್ತಿರ ಪೆಟ್ರೋಲ್ ಬಂಕಿನಿಂದ ಹೊರಡುವಾಗ ಗಾಡಿ ಎಡಕ್ಕೆ ವಾಲಿ ಮಲಗಿಬಿಟ್ಟಿತು. ನಾಲ್ಕು ಜನ ಸೇರಿ ಎತ್ತಿದರು. ಗಾಯವೇನೂ ಆಗಲಿಲ್ಲ. ಆದರೆ ಅಂದಿನಿಂದ ಗಾಡಿ ಹೊರಗೆ ತೆಗೆಯಲು ಮನಸ್ಸೇ ಬರುತ್ತಿಲ್ಲ. ಬಲ ಮೊಣಕಾಲು ಸವೆದಿದೆ ಎಂದು ವೈದ್ಯರು ಹೇಳಿದ್ದಾರೆ. ದೂರದ ಪ್ರಯಾಣಕ್ಕೆ ಹೆಂಡತಿಯೂ ಹಿಂದೆ ಇರುತ್ತಾಳೆ. ಹಗುರವಾದ ಕ್ರೂಸರ್ (ತಗ್ಗು ಸೀಟಿನ, ಕಾಲು ಮುಂದಿಟ್ಟು ಕೂರುವ ಬೈಕ್) ಕೊಂಡರೆ ಆರು ತಿಂಗಳಲ್ಲಿ ಬೇಸರ ಬಂದು ಪರಿತಪಿಸುವಂತಾಗುತ್ತದೆಯೇ? ಯಾವುದನ್ನು ಕೊಳ್ಳಲಿ?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಗಾಡಿಯನ್ನು ಎತ್ತಲು ನಾಲ್ವರು ಬಂದರು. ನನ್ನದನ್ನು ಎತ್ತಲು ಮೂವರು ಬಂದರು. ಅವರಲ್ಲಿ ಒಬ್ಬರು ಕೈಯಲ್ಲಿದ್ದ ಕಡಂಬುಟ್ಟಿನ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಕೈ ಒರೆಸಿಕೊಂಡು ಬಂದರು. ಮಡಿಕೇರಿಯ ಒಂದು ಹೋಟೆಲಿನ ಮುಂದಿನ ಜಾಗ, ಇಳಿಜಾರು, ಮೇಲೆ ಸಣ್ಣ ಜಲ್ಲಿ. ನಾನು ಗಾಡಿಯನ್ನು ನಿಲ್ಲಿಸಿ ಆಗಿತ್ತು. ಎಡಗಾಲು ಊರಿದ್ದೆ. ಜಲ್ಲಿಯ ಮೇಲೆ ಶೂ ನಾಲ್ಕು ಬೆರಳಿನಷ್ಟು ಜಾರಿತು, ಅಷ್ಟೇ. ಬೀಳುವುದು ಬಹಳ ನಿಧಾನವಾಗಿ ನಡೆಯುತ್ತದೆ, ನೀವು ನೋಡಿದ್ದೀರಿ. ತಡೆಯಬಹುದು ಅನ್ನಿಸುತ್ತದೆ, ತೋಳಿನ ನರಗಳೆಲ್ಲ ಎದ್ದು ನಿಲ್ಲುತ್ತವೆ, ಆಮೇಲೆ ಮರ್ಯಾದೆಯಿಂದ ಕೈ ಬಿಡಬೇಕಾಗುತ್ತದೆ.

ನಾನು 1983ರಲ್ಲಿ ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆಗೆ ಸೇರಿದವನು. 1996ರಲ್ಲಿ ಅದು ಮುಚ್ಚಿದ ಮೇಲೆ ಗ್ಯಾರೇಜು ಇಟ್ಟೆ. ಐವತ್ತು ದಾಟಿದ ಮೇಲೆ ತಂದೆಯ ತೋಟದ ಸಿಲ್ವರ್ ಓಕ್ ಮರ ಮಾರಿದ ಹಣದಲ್ಲಿ ನಿಮ್ಮದರಂಥದೇ ಭಾರಿ ಟೂರರ್ ಒಂದನ್ನು ಹಳೆಯದಾಗಿ ಕೊಂಡು ಏಳು ವರ್ಷ ಓಡಿಸಿದೆ. ಮಡಿಕೇರಿಯ ಆ ಬೆಳಗಿನ ನಂತರ ನಾನೂ ನಿಮ್ಮ ಹಾಗೆಯೇ ಆದೆ. ಗಾಡಿ ತೆಗೆಯುವ ಮೊದಲೇ, ಹೋದ ಕಡೆ ಎಲ್ಲಿ ನಿಲ್ಲಿಸುವುದು, ಹೇಗೆ ತಿರುಗಿಸುವುದು ಎಂಬ ಲೆಕ್ಕ ಶುರುವಾಗುತ್ತಿತ್ತು. ಕಾಫಿ ಕುಡಿಯಬೇಕೆನ್ನಿಸಿದರೂ ಹೋಟೆಲಿನ ಮುಂದೆ ಇಳಿಜಾರು ಕಂಡರೆ ಮುಂದಕ್ಕೆ ಹೋಗುತ್ತಿದ್ದೆ. ಹಾಗೆ ಬಿಟ್ಟ ಕಾಫಿಗಳನ್ನು ಎಣಿಸಿದ ದಿನವೇ ಮಾರಲು ತೀರ್ಮಾನಿಸಿದೆ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಗಾಡಿ ಪೆಟ್ರೋಲ್ ಸಮೇತ ಸುಮಾರು 380 ಕೆಜಿ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿತೆಂದರೆ ಈ ಭಾರ ನಿಮಗೆ ತಿಳಿಯುವುದೇ ಇಲ್ಲ, ಬದಲಿಗೆ ಗಾಡಿಯನ್ನು ನೆಲಕ್ಕೆ ಅಂಟಿಸಿಕೊಂಡು ಓಡುತ್ತದೆ. ತೊಂದರೆಯೆಲ್ಲ ಸೊನ್ನೆಯಿಂದ ಹತ್ತರ ನಡುವೆ ಇದೆ. ನಿಂತ ಗಾಡಿ ನೆಟ್ಟಗಿದ್ದರೆ ಎರಡು ಬೆರಳಲ್ಲಿ ಹಿಡಿಯಬಹುದು. ಹತ್ತು ಡಿಗ್ರಿ ವಾಲಿದರೆ ಹ್ಯಾಂಡಲ್ ಹಿಡಿದ ಕೈಗೆ ಮೂವತ್ತು ಕೆಜಿಗಿಂತ ಹೆಚ್ಚು ಬರುತ್ತದೆ, ಅಂದರೆ ಇಪ್ಪತ್ತೈದು ಕೆಜಿಯ ಒಂದು ಅಕ್ಕಿ ಮೂಟೆಗಿಂತ ಮೇಲೆ. ಇಪ್ಪತ್ತು ಡಿಗ್ರಿಗೆ ಅದು ಇಮ್ಮಡಿ. ಇದು ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ಸರಳ ಲೆಕ್ಕ, ನಿಮ್ಮ ಮೊಣಕಾಲು ಈಗಾಗಲೇ ಅದನ್ನು ಕಲಿತಿದೆ. 190 ಕೆಜಿಯ ಗಾಡಿಗೆ ಇದರ ಅರ್ಧ. ನಿಮ್ಮ ಗಾಡಿಯ ಸೀಟು ಮೊದಲೇ ತಗ್ಗಾಗಿದೆ. ಆದ್ದರಿಂದ ಸೀಟನ್ನು ಇನ್ನಷ್ಟು ತಗ್ಗಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎತ್ತರದಿಂದ ಬಂದ ಕಷ್ಟವಲ್ಲ ಇದು.

ಬಂಕಿನಲ್ಲಿ ಏನಾಯಿತೆಂದು ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಎಡಕ್ಕೆ ಹ್ಯಾಂಡಲ್ ತಿರುಗಿಸಿ ಹೊರಟಿದ್ದೀರಿ, ಯಾರೋ ಅಡ್ಡ ಬಂದರು, ಬಲಗೈ ಮುಂದಿನ ಬ್ರೇಕ್ ಹಿಡಿಯಿತು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಒತ್ತಿದರೆ ಗಾಡಿ ತಿರುಗಿದ ಕಡೆಗೇ ಕುಸಿಯುತ್ತದೆ. ಹಗುರವಾದ ಗಾಡಿಯೂ ಕುಸಿಯುತ್ತದೆ, ಅದನ್ನು ಕಾಲಿನಿಂದ ತಡೆದುಕೊಳ್ಳಬಹುದು ಎನ್ನುವುದಷ್ಟೇ ವ್ಯತ್ಯಾಸ. ನಿಧಾನದಲ್ಲಿ ಹಿಂದಿನ ಬ್ರೇಕ್, ಅರ್ಧ ಕ್ಲಚ್, ಕಣ್ಣು ದೂರದಲ್ಲಿ. ಹೊಸ ಗಾಡಿಗೂ ಇದೇ ಪಾಠ.

ಬೆಂಗಳೂರಿನವರು ಎಂದಿದ್ದೀರಿ, ಹಾಗಾಗಿ ಇನ್ನೊಂದು ಮಾತು. ನಿಮ್ಮ ಗಾಡಿ ಹುಟ್ಟಿದ್ದೇ ನೇರವಾದ ದೊಡ್ಡ ಹೆದ್ದಾರಿಗಾಗಿ. ನಮ್ಮ ಬೆಂಗಳೂರು–ಮೈಸೂರು ದಶಪಥದ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅದು 125 ಸಿಸಿಯೇ 1700 ಸಿಸಿಯೇ ಎಂದು ಯಾರೂ ಕೇಳುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ, ಉಬ್ಬಿನಿಂದ ಉಬ್ಬಿಗೆ, 380 ಕೆಜಿ ನಡೆಸುವುದರಲ್ಲಿ ಯಾವ ರಾಜಸವೂ ಇಲ್ಲ. ರಾಜ ಎಂದಾಗ ನೆನಪಾಯಿತು: ಹಾರ್ಲೆಯ ರೋಡ್ ಕಿಂಗ್ ಬಂದದ್ದು 1994ರಲ್ಲಿ. ಅದಕ್ಕೂ ಹದಿನಾರು ವರ್ಷ ಮೊದಲೇ ನಮ್ಮ ಮೈಸೂರಿನಲ್ಲಿ ಯೆಜ್ಡಿ ರೋಡ್‌ಕಿಂಗ್ ತಯಾರಾಗುತ್ತಿತ್ತು. 250 ಸಿಸಿ, ಸುಮಾರು 140 ಕೆಜಿ. ಹೆಸರು ಒಂದೇ, ರಾಜ್ಯ ಬೇರೆ ಬೇರೆ.

ಯಾವುದನ್ನು ಕೊಳ್ಳಬೇಕು? ಒಬ್ಬರೇ ಹೋಗುವವರಾಗಿದ್ದರೆ ಎರಡನೇ ಮಾತಿಲ್ಲದೆ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಎನ್ನುತ್ತಿದ್ದೆ. ನಾನು ಕೊಂಡದ್ದು ಅದೇ. 191 ಕೆಜಿ, ಸೀಟು 765 ಮಿಮೀ, ಗಾಡಿಯ ಹೊಟ್ಟೆ ನೆಲದಿಂದ 170 ಮಿಮೀ ಎತ್ತರ. ಎಂಬತ್ತರಲ್ಲಿ ಸುಖವಾಗಿ ಹೋಗುತ್ತದೆ, ತೊಂಬತ್ತರ ಮೇಲೆ ಇಂಜಿನ್ ಗೊಣಗಲು ಶುರು ಮಾಡುತ್ತದೆ. ನಿಮ್ಮ ಮನೆಯವರೂ ಜೊತೆಗಿರುತ್ತಾರೆ, ಇನ್ನೂರು ಮುನ್ನೂರು ಕಿಲೋಮೀಟರ್ ಹೋಗುತ್ತೀರಿ ಎಂದರೆ ಸೂಪರ್ ಮೀಟಿಯರ್ 650 ನೋಡಿ. 241 ಕೆಜಿ ಎಂದರೆ ಹಗುರ ಎನ್ನಲು ಬಾಯಿ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಈಗಿನ ಗಾಡಿಯಿಂದ ಒಂದು ಇಡೀ ಯೆಜ್ಡಿ ರೋಡ್‌ಕಿಂಗ್ ಇಳಿಸಿಟ್ಟ ಹಾಗಾಗುತ್ತದೆ. 648 ಸಿಸಿಯ ಜೋಡಿ ಸಿಲಿಂಡರು, ಸೀಟು 740 ಮಿಮೀ, ಭಾರವೆಲ್ಲ ಕೆಳಗಿದೆ.

ಅದರ ಕುಂದು ಹೇಳದಿದ್ದರೆ ತಪ್ಪಾಗುತ್ತದೆ. ನೆಲದಿಂದ 135 ಮಿಮೀ ಮಾತ್ರ. ನಮ್ಮ ಊರುಗಳ ಮುಂದೆ ಜನರೇ ಹಾಕಿಕೊಂಡಿರುವ ಉಬ್ಬುಗಳಲ್ಲಿ, ಇಬ್ಬರು ಕೂತಿದ್ದಾಗ, ಹೊಟ್ಟೆ ತಾಗುತ್ತದೆ. ಹಿಂದಿನ ಸಸ್ಪೆನ್ಶನ್ ಕುಣಿಯುವುದು ಹತ್ತು ಸೆಂಟಿಮೀಟರ್ ಅಷ್ಟೇ, ಸ್ವಲ್ಪ ಗಡುಸು ಕೂಡ. ಕ್ರೂಸರುಗಳಲ್ಲಿ ಕಾಲು ಮುಂದಿರುವುದರಿಂದ ಮೊಣಕಾಲು ಹೆಚ್ಚು ಮಡಚುವುದಿಲ್ಲ, ಅದು ನಿಮಗೆ ಒಳ್ಳೆಯದು. ಆದರೆ ಹಳ್ಳ ಬಂದಾಗ ಪೆಡಲಿನ ಮೇಲೆ ಅರೆ ಎದ್ದು ನಿಲ್ಲಲು ಆಗುವುದಿಲ್ಲ, ಪೆಟ್ಟು ನೇರವಾಗಿ ಸೊಂಟಕ್ಕೆ ಬೀಳುತ್ತದೆ. ಮುಂದೆ ಕೂತವರಿಗಿಂತ ಹಿಂದೆ ಕೂತವರಿಗೆ ಜಾಸ್ತಿ. ಆದ್ದರಿಂದ ಶೋರೂಮಿಗೆ ಇಬ್ಬರೂ ಹೋಗಿ, ನಿರ್ಧಾರದ ಮತ ಅವರಿಗೆ ಬಿಡಿ. ಹತ್ತು ನಿಮಿಷದ ಸುತ್ತು ಸಾಲದು. ಬೆಂಗಳೂರಿನಲ್ಲಿ ಎರಡೂ ಗಾಡಿ ಬಾಡಿಗೆಗೆ ಸಿಗುತ್ತವೆ, ತಲಾ ಎರಡು ದಿನ ತೆಗೆದುಕೊಂಡು ಸಕಲೇಶಪುರದವರೆಗೆ ಹೋಗಿ ಬನ್ನಿ. ಹಾಸನದ ಅದೇ ಬಂಕಿನಲ್ಲೇ ಪೆಟ್ರೋಲ್ ಹಾಕಿಸಿ.

ಬೇಸರದ ವಿಷಯ. ಮೊದಲ ತಿಂಗಳು ಏನೋ ಕಳೆದುಕೊಂಡ ಹಾಗಿರುತ್ತದೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಕೈಗೆ 150 ನ್ಯೂಟನ್ ಮೀಟರ್ ಹತ್ತಿರದ ಟಾರ್ಕ್, ಅಂದರೆ ಇಂಜಿನ್ನಿನ ತಿರುಗಿಸುವ ಬಲ, ಅಭ್ಯಾಸವಾಗಿದೆ. 650ರಲ್ಲಿ 52, 350ರಲ್ಲಿ 27. ಮೇಲಿನ ಗೇರಿನಲ್ಲೇ ಕೈ ತಿರುಗಿಸಿದರೆ ಲಾರಿ ಹಿಂದಾಗುತ್ತದೆ ಎಂಬ ಕಾಲ ಮುಗಿಯಿತು. ಗೇರ್ ಇಳಿಸಬೇಕು, ಎದುರಿನ ರಸ್ತೆಯನ್ನು ಇನ್ನಷ್ಟು ದೂರ ನೋಡಬೇಕು. ಮೀಟಿಯರ್ ಕೊಂಡ ಮೇಲೆ ಹಳೆಯ ಗಾಡಿ ಇರಬೇಕಿತ್ತು ಎಂದು ನನಗೆ ನಿಜವಾಗಿ ಅನ್ನಿಸಿದ್ದು ಒಂದೇ ಸಲ, ಚಿತ್ರದುರ್ಗ ದಾಟಿದ ಮೇಲೆ. ಅಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಅಡ್ಡಗಾಳಿ ಒಂದು ಕಡೆ, ಪಕ್ಕದಲ್ಲಿ ಹಾದುಹೋಗುವ ಕಂಟೇನರ್ ಲಾರಿಯ ಗಾಳಿ ಇನ್ನೊಂದು ಕಡೆ, ಹಗುರವಾದ ಗಾಡಿ ಒಂದಡಿ ಆಚೀಚೆ ಆಗುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದಷ್ಟೂ ಜಾಸ್ತಿ ಆಗುತ್ತದೆ, ಸಡಿಲ ಬಿಡಿ. ಆದರೆ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ, ಮೇಲೆ ಹೋಗಲಿ ಕೆಳಗೆ ಬರಲಿ, ಹಳೆಯ ಗಾಡಿಯ ನೆನಪೇ ಆಗಲಿಲ್ಲ. ಅದರಲ್ಲಿ ತಿರುವು ಎಣಿಸುತ್ತಿದ್ದೆ, ಇದರಲ್ಲಿ ಎಣಿಕೆ ತಪ್ಪುತ್ತದೆ.

ಪ್ರಶ್ನೆ: ದೊಡ್ಡ ಬೈಕ್ ಮಾರಿ ಚಿಕ್ಕದು ಕೊಳ್ಳುವಾಗ ಹಣದ ಲೆಕ್ಕದಲ್ಲಿ ಗಮನಿಸಬೇಕಾದದ್ದು ಏನು?
— ಓದುಗರು, ದಾವಣಗೆರೆ

ಉತ್ತರ: ಮೂರು ವಿಷಯ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ 18, ಅದನ್ನು ಮೀರಿದರೆ ಶೇ 40. ಆದ್ದರಿಂದ 349 ಸಿಸಿಗೂ 440 ಸಿಸಿಗೂ ನಡುವಿನ ಅಂತರ ಇಂಜಿನ್ನಿನಲ್ಲಿ ಇರುವುದಕ್ಕಿಂತ ಬಿಲ್ಲಿನಲ್ಲಿ ದೊಡ್ಡದು.

ವಿಮೆಯ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದುದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ) ಮಾಲೀಕರದು, ಗಾಡಿಯದಲ್ಲ. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಶೇ 50ರವರೆಗೆ ಏರಿರುತ್ತದೆ. ಮಾರುವಾಗ ವಿಮಾ ಕಂಪನಿಯಿಂದ ಆ ಬಗ್ಗೆ ಪತ್ರ ಕೇಳಿ ಪಡೆಯಿರಿ. ಮೂರು ವರ್ಷದೊಳಗೆ ಹೊಸ ಬೈಕಿನ ವಿಮೆಗೆ ಬಳಸಬಹುದು. ಎಷ್ಟೋ ಜನ ಇದನ್ನು ಕೊಂಡವನಿಗೆ ದಾನ ಮಾಡಿದೆವೆಂದು ತಿಳಿದು ಸುಮ್ಮನಿರುತ್ತಾರೆ. ಕೊಂಡವನಿಗೂ ಅದು ಸಿಕ್ಕಿರುವುದಿಲ್ಲ.

ಮೂರನೆಯದು ಹೆಸರು ವರ್ಗಾವಣೆ. ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಕೊಟ್ಟು ಕೈ ತೊಳೆದುಕೊಳ್ಳಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿಗೆ ನೀವೇ ಮಾಲೀಕರು, 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕೊಂಡವನು ಅಪಘಾತ ಮಾಡಿದರೆ ನೋಟಿಸು ನಿಮ್ಮ ಮನೆಗೆ ಬರುತ್ತದೆ. ನನ್ನ ಗಾಡಿ ಕೊಂಡವನನ್ನು ನಾನೇ ಆರ್‌ಟಿಒ ಕಚೇರಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ದೋಸೆ ಕೊಡಿಸಿದೆ, ಇಲ್ಲದಿದ್ದರೆ ಬರುತ್ತಿರಲಿಲ್ಲ.

ಪ್ರಶ್ನೆ: ನಾನು ಐದು ಅಡಿ ಒಂದು ಅಂಗುಲ. ಅಣ್ಣನ ದೊಡ್ಡ ಟೂರಿಂಗ್ ಬೈಕಿನಲ್ಲಿ ಕಲಿತೆ, ಈಗ ಸ್ವಂತಕ್ಕೆ ಕ್ರೂಸರ್ ಬೇಕು. ಸೀಟು ಎಷ್ಟು ತಗ್ಗಿದ್ದರೆ ಸಾಕು?
— ಓದುಗರು, ಹುಬ್ಬಳ್ಳಿ

ಉತ್ತರ: ದೊಡ್ಡದರಲ್ಲಿ ಕಲಿತದ್ದು ಒಳ್ಳೆಯದೇ ಆಯಿತು, ಉಳಿದದ್ದೆಲ್ಲ ಆಟಿಕೆಯಂತೆ ಕಾಣುತ್ತದೆ. ಹೋಂಡಾ ರೆಬೆಲ್ 500ರ ಸೀಟು 690 ಮಿಮೀ, ಕವಾಸಾಕಿ ವಲ್ಕನ್ ಎಸ್‌ನದು 705. ಆದರೆ ಎತ್ತರದ ಸಂಖ್ಯೆ ಅರ್ಧ ಸತ್ಯ. ಸೀಟು ಅಗಲವಾಗಿದ್ದರೆ ತೊಡೆ ಹರಡಿಕೊಂಡು ಪಾದ ನೆಲಕ್ಕೆ ಬರುವಷ್ಟರಲ್ಲಿ ಬೆರಳುಗಳೇ ಉಳಿದಿರುತ್ತವೆ. ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಕೂತು ನೋಡಿ. ಆಮೇಲೆ ಶೋರೂಮಿನ ನುಣುಪು ನೆಲ ಬಿಟ್ಟು ರಸ್ತೆಗೆ ತಂದು, ಕೂತಲ್ಲಿಂದಲೇ ಗಾಡಿಯನ್ನು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಹಿಮ್ಮಡಿ ಊರಿ ತಳ್ಳಲು ಬಂದರೆ ಅದು ನಿಮ್ಮ ಗಾಡಿ. ಮಾರಾಟಗಾರ ಬಂದು ಹಿಡಿದುಕೊಳ್ಳುತ್ತೇನೆ ಎಂದರೆ ಬೇಡ ಎನ್ನಿ.

ಬಿದ್ದ ಗಾಡಿಯನ್ನು ಎತ್ತುವುದನ್ನೂ ಕಲಿಯಿರಿ. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡನ್ನು ಹೊರಕ್ಕೆ ಚಾಚಿಟ್ಟು ಗಾಡಿಯನ್ನು ಗೇರಿನಲ್ಲಿ ಹಾಕಿ. ಗಾಡಿಗೆ ಬೆನ್ನು ಕೊಟ್ಟು, ಸೀಟಿಗೆ ಪೃಷ್ಠ ತಾಗಿಸಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಚೌಕಟ್ಟು ಹಿಡಿದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಕೆಲಸ ಕಾಲಿನದು, ಬೆನ್ನು ಬಗ್ಗಿಸಬಾರದು. ನನ್ನ ಗ್ಯಾರೇಜಿನಲ್ಲಿ ಹಳೆಯ ಹಾಸಿಗೆಯೊಂದರ ಮೇಲೆ ಗಾಡಿ ಮಲಗಿಸಿ ಇದನ್ನು ಕಲಿಸುತ್ತೇನೆ. ಗಂಡಸರು ಬೆನ್ನಿನಿಂದ ಎತ್ತಲು ಹೋಗಿ ಸೋಲುತ್ತಾರೆ, ಹೇಳಿದ ಹಾಗೆ ಮಾಡುವವರು ಮೊದಲ ಸಲಕ್ಕೇ ಎತ್ತುತ್ತಾರೆ.

ಪ್ರಶ್ನೆ: 350ಕ್ಕೆ ಇಳಿದರೆ ನಮ್ಮ ಬೈಕ್ ಗುಂಪಿನವರು ನಗುತ್ತಾರೆ. ಏನು ಮಾಡಲಿ?
— ಓದುಗರು, ಮಂಗಳೂರು

ಉತ್ತರ: ಅವರ ಗಾಡಿ ಬಿದ್ದಾಗ ಎತ್ತಲು ಕೈ ಕೊಡಿ.

ಪ್ರಶ್ನೆ: ಭಾರಿ ಬೈಕ್ ಮಾರುತ್ತಿದ್ದೇನೆ. ಜಾಕೆಟ್, ಹೆಲ್ಮೆಟ್, ಪಕ್ಕದ ಪೆಟ್ಟಿಗೆಗಳನ್ನೂ ಅದರೊಂದಿಗೆ ಕೊಡಲೇ?
— ಓದುಗರು, ಶಿವಮೊಗ್ಗ

ಉತ್ತರ: ಜಾಕೆಟ್ ಇಟ್ಟುಕೊಳ್ಳಿ, ಚಿಕ್ಕ ಗಾಡಿಯಿಂದ ಬಿದ್ದರೂ ಟಾರು ಅದೇ ಟಾರು. ಹೆಲ್ಮೆಟನ್ನು ಯಾರಿಗೂ ಕೊಡಬೇಡಿ, ಒಳಗಿನ ಥರ್ಮೋಕೋಲ್ ಒಂದು ಪೆಟ್ಟು ತಿಂದಿದ್ದರೂ ಹೊರಗೆ ಕಾಣುವುದಿಲ್ಲ. ಪೆಟ್ಟಿಗೆಗಳನ್ನು ಮಾತ್ರ ಗಾಡಿಯೊಂದಿಗೇ ಕಳಿಸಿ, ಬೇರೆ ಯಾವುದಕ್ಕೂ ಕೂರುವುದಿಲ್ಲ. ನಾನು ಆಸೆಗೆ ಇಟ್ಟುಕೊಂಡೆ. ಒಂದರಲ್ಲಿ ಈಗ ನಮ್ಮ ಮನೆಯ ಒಣಮೆಣಸಿನಕಾಯಿ ಇದೆ, ಇನ್ನೊಂದರ ಬೀಗದ ಕೈ ಸಿಕ್ಕಿಲ್ಲ.