ಮಗಳ ಸಾಕ್ಷ್ಯದ ಕುರಿತ ನಿಮ್ಮ ಪ್ರಶ್ನೆಗೆ

ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಪಡೆದು ಬೆದರಿಸಿದವನ ಎದುರೇ ನಿಮ್ಮ 15 ವರ್ಷದ ಮಗಳು ಸಾಕ್ಷ್ಯ ನುಡಿಯಬೇಕೇ, ಅವನ ಸಂದೇಶಗಳನ್ನು ಅಳಿಸಿಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಏನನ್ನೂ ಅಳಿಸಬೇಡಿ; ಆ ಚಿತ್ರಗಳನ್ನು ವಕೀಲರಿಗೂ ವಾಟ್ಸ್‌ಆ್ಯಪ್ ಮಾಡದೆ, ಮೊಬೈಲನ್ನು ಇದ್ದ ಹಾಗೆಯೇ ಪೊಲೀಸರಿಗೆ ಒಪ್ಪಿಸಿ ಅದನ್ನು ವಶಪಡಿಸಿಕೊಂಡ ದಾಖಲೆಯಾದ ಮಹಜರಿನ ಪ್ರತಿ ಕೇಳಿ ಪಡೆಯಿರಿ, ಏಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಪ್ರಮಾಣಪತ್ರವಿಲ್ಲದ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರವಿಲ್ಲದ) ಬರಿಯ ಸ್ಕ್ರೀನ್‌ಶಾಟ್‌ಗೆ ಆಕ್ಷೇಪಣೆ ಬಂದೇ ಬರುತ್ತದೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಸೆಕ್ಷನ್ 36ರ ಪ್ರಕಾರ, ಸಾಕ್ಷ್ಯ ನುಡಿಯುವಾಗ ಮಗು ಆರೋಪಿಗೆ ಮುಖಾಮುಖಿಯಾಗದಂತೆ ನ್ಯಾಯಾಲಯವೇ ನೋಡಿಕೊಳ್ಳಬೇಕು. ಪರದೆ ಅಥವಾ ವಿಡಿಯೊ ಸಂಪರ್ಕವನ್ನು ಬಳಸಬಹುದು. ವಿಚಾರಣೆ ಗೋಪ್ಯವಾಗಿ, ನಿಮ್ಮ ಸಮ್ಮುಖದಲ್ಲಿಯೇ ನಡೆಯುತ್ತದೆ. ಪಾಟೀಸವಾಲಿನ ಪ್ರಶ್ನೆಗಳನ್ನೂ ಆರೋಪಿಯ ವಕೀಲರು ನೇರವಾಗಿ ಮಗುವಿಗೆ ಹಾಕುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಹಾಗಾಗದಿದ್ದರೆ ಅಲ್ಲಿಯೇ ಆಕ್ಷೇಪಿಸುವಂತೆ ಸರ್ಕಾರಿ ಅಭಿಯೋಜಕರಿಗೆ ಮೊದಲೇ ಹೇಳಿಡಿ. ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕೆಂದು ಕಾಯ್ದೆ ಹೇಳಿದರೂ ಅದನ್ನೇ ನೆಚ್ಚಿಕೊಳ್ಳದೆ, ಮಧ್ಯಂತರ ಪರಿಹಾರಕ್ಕೆ (ತೀರ್ಪಿಗೆ ಮೊದಲೇ ಕೊಡುವ ಪರಿಹಾರದ ಹಣಕ್ಕೆ) ಈಗಲೇ ಅರ್ಜಿ ಸಲ್ಲಿಸಿ.