ಆಸ್ಪತ್ರೆಯಲ್ಲೇ ಹೆರಿಗೆಯಾದರೂ ಬಾಣಂತಿಯರು ಸಾಯುವುದೇಕೆ?

ಈಗ ಹೆರಿಗೆಗೆ ಎಲ್ಲರೂ ಆಸ್ಪತ್ರೆಗೇ ಬರುತ್ತಾರೆ, ಆದರೂ ಸಾವು ಆಗುತ್ತಿರುವುದು ಮನೆಯವರು ತಡ ಮಾಡುವುದರಿಂದಲೇ ಅಲ್ಲವೇ ಎಂದು ಕೇಳಿದ್ದೀರಿ. ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಮನೆಯವರಿಂದಲೂ ತಡವಾಗುತ್ತದೆ, ನಿಜ. ಆದರೆ ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ಅನ್ಯಾಯ.

1994ರಲ್ಲಿ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು ಈ ತಡವನ್ನು ಮೂರಾಗಿ ವಿಂಗಡಿಸಿದರು: ಹೊರಡುವ ತೀರ್ಮಾನದಲ್ಲಿ, ದಾರಿಯಲ್ಲಿ, ಆಸ್ಪತ್ರೆಯೊಳಗೆ.

ಮೊದಲನೆಯದು ನಮ್ಮಲ್ಲಿ ಹೇಗಿರುತ್ತದೆ ಗೊತ್ತೇ? ಚೊಚ್ಚಲ ಹೆರಿಗೆ ತವರಿನಲ್ಲಿ. ಆಪರೇಷನ್ನಿಗೆ ಸಹಿ ಹಾಕಿ ಎಂದರೆ ಹುಡುಗಿಯ ತಾಯಿ "ಅಳಿಯಂದಿರನ್ನ ಒಂದು ಮಾತು ಕೇಳ್ತೀನಿ ಸಿಸ್ಟರ್" ಎಂದು ಫೋನ್ ಹಿಡಿದು ಹೊರಗೆ ಹೋಗುತ್ತಾರೆ. ಅತ್ತ ಅಳಿಯ ತನ್ನ ತಾಯಿಯನ್ನು ಕೇಳಬೇಕು. ಇದನ್ನು ಅಜ್ಞಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಾಳೆ ಹೆಚ್ಚುಕಮ್ಮಿಯಾದರೆ ಬೀಗರಿಗೆ ಏನು ಉತ್ತರ ಕೊಡಲಿ ಎಂಬ ಭಯ ಅದು.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ 2018-20ರಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ 69 ತಾಯಂದಿರು ಸತ್ತರು; ಕೇರಳದಲ್ಲಿ 19. ಬಾಗಿಲ ತನಕ ಬಂದವರೂ ಉಳಿಯಲಿಲ್ಲ ಎಂದರೆ ಬಾಗಿಲ ಒಳಗೇ ನೋಡಬೇಕು.

ರಕ್ತಸ್ರಾವವನ್ನೇ ತೆಗೆದುಕೊಳ್ಳಿ. ಮಾಸು ಬಿದ್ದ ಮೇಲೂ ಗರ್ಭಕೋಶ ಬಿಗಿಯಾಗದಿದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಅಷ್ಟು ಹೊತ್ತೂ ಸಿಗುವುದಿಲ್ಲ. ಬಟ್ಟೆ, ಹಾಸಿಗೆ, ನೆಲಕ್ಕೆಲ್ಲ ಹರಡಿದ ರಕ್ತವನ್ನು ನಾವು ಕಣ್ಣಂದಾಜಿನಲ್ಲಿ ಅಳೆಯುತ್ತೇವೆ. ನಮ್ಮ ಬೆಳಗಾವಿಯಲ್ಲೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಣಂತಿಯ ಕೆಳಗಿಟ್ಟು ರಕ್ತ ಹಿಡಿಯುವ, ಅಳತೆಯ ಗುರುತಿರುವ ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ ಈ ಅಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂದಿತ್ತು. ಅಂದರೆ ಆಕೆ ಅಪಾಯದಲ್ಲಿದ್ದಾಗಲೂ ಪಕ್ಕದಲ್ಲಿ ನಿಂತವರಿಗೆ ಗೊತ್ತಾಗದೆ ಹೋಗಬಹುದು. ಅಂಥ ಚೀಲವಿಟ್ಟು, ಗುರುತು ದಾಟಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರು ಮಾಡುವ ಕ್ರಮವನ್ನು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದಾಗ (2023) ತೀವ್ರ ರಕ್ತಸ್ರಾವದಂಥ ಅನಾಹುತಗಳು 60% ತಗ್ಗಿದವು. ದುಬಾರಿ ಯಂತ್ರವೇನೂ ಬೇಕಿರಲಿಲ್ಲ.

ಇನ್ನು ರೆಫರ್. ರಾತ್ರಿ ಅರಿವಳಿಕೆ ವೈದ್ಯರಿಲ್ಲ, ರಕ್ತವಿಲ್ಲ ಎಂದು ತಾಲ್ಲೂಕಿನಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಮೆಡಿಕಲ್ ಕಾಲೇಜಿಗೆ. ಹೋದಲ್ಲೆಲ್ಲ ಹೊಸ ಚೀಟಿ, ಮತ್ತೆ ಬಿ.ಪಿ., ಮತ್ತೆ ರಕ್ತದ ಗುಂಪು. 108 ಎಷ್ಟೇ ಬೇಗ ಬಂದರೂ ಹೀಗೆ ಕಳೆದುಹೋಗುವ ಹೊತ್ತು ಉಳಿತಾಯವಾಗುವುದಿಲ್ಲ. ಬಿ.ಪಿ. ಏರಿ ಫಿಟ್ಸ್ ಬಂದವಳಿಗೆ, ಅದನ್ನು ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ನಿನ ಮೊದಲ ಡೋಸ್ ಕೊಡದೆ ಗಾಡಿ ಹತ್ತಿಸುವುದನ್ನು ನಾನು ಒಪ್ಪುವುದೇ ಇಲ್ಲ.

ನಿಮ್ಮ ಮನೆಯಲ್ಲಿ ಗರ್ಭಿಣಿ ಇದ್ದರೆ ಎಂಟನೇ ತಿಂಗಳಲ್ಲೇ ಆಸ್ಪತ್ರೆಗೆ ಹೋಗಿ ಕೇಳಿ: ರಾತ್ರಿ ಸಿಸೇರಿಯನ್ ಆಗುತ್ತದೆಯೇ, ರಕ್ತ ಇಲ್ಲೇ ಸಿಗುತ್ತದೆಯೇ? ಇಲ್ಲ ಎಂದರೆ ಎಲ್ಲಿ ಸಿಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಸಹಿ ಯಾರು ಹಾಕಬೇಕು ಎಂಬುದನ್ನು ಎರಡೂ ಮನೆಯವರು ಮೊದಲೇ ಮಾತಾಡಿಕೊಳ್ಳಿ. ರೆಫರ್ ಮಾಡಿದರೆ ಅಲ್ಲಿಗೆ ಫೋನ್ ಮಾಡಿದ್ದೀರಾ, ಯಾವ ಇಂಜೆಕ್ಷನ್ ಕೊಟ್ಟಿದ್ದೀರಿ, ಜೊತೆಗೆ ಯಾರು ಬರುತ್ತಾರೆ ಎಂದು ನಮ್ಮನ್ನು ಕೇಳಿಯೇ ಹೊರಡಿ. ಗಡಿಬಿಡಿಯಲ್ಲಿ ಯಾರಾದರೂ ಗದರಿದರೂ ಬಿಡಬೇಡಿ.